ಬೈಲು ಹಿಡಿದು ಓಡಿ: ಉಡುಪಿ, ಮಂಗಳೂರಿನ ಹಳ್ಳಿ ದಾರಿಗಳಿಗೊಂದು ಮಾರ್ಗದರ್ಶಿ

ಕರಾವಳಿಯಲ್ಲಿ ಓಡಲು ಶುರು ಮಾಡಿದವರೆಲ್ಲ ಒಂದೇ ದೂರು ಹೇಳುತ್ತಾರೆ: ಇಲ್ಲಿ ಸಮತಟ್ಟು ದಾರಿಯೇ ಇಲ್ಲ. ಮಣಿಪಾಲದಲ್ಲಿ ಮನೆ ಇದ್ದರೆ ಹೋಗುವಾಗ ಇಳಿಜಾರು, ಸುಸ್ತಾಗಿ ವಾಪಸ್ ಬರುವಾಗ ಏರು. ಮಂಗಳೂರಿನ ಕದ್ರಿ, ಬಿಜೈ ಕಡೆಯವರಿಗೆ ಗೇಟು ದಾಟಿದ ಕೂಡಲೇ ಗುಡ್ಡ. ಕೊನೆಗೆ ಹೆಚ್ಚಿನವರು ಯಾವುದೋ ಮೈದಾನದಲ್ಲಿ ಸುತ್ತು ಹಾಕುತ್ತಾರೆ, ಇಲ್ಲವೇ ರಾಷ್ಟ್ರೀಯ ಹೆದ್ದಾರಿ 66ರ ಅಂಚಿಗೆ ಇಳಿಯುತ್ತಾರೆ. ಮೊದಲನೆಯದು ಬೇಜಾರು. ಎರಡನೆಯದನ್ನು ದಯವಿಟ್ಟು ಮಾಡಬೇಡಿ.

ಸಮತಟ್ಟು ನೆಲ ನಮ್ಮಲ್ಲಿ ಬೇಕಾದಷ್ಟಿದೆ. ಅದು ನೀರಿನ ಪಕ್ಕ ಇದೆ, ಅಷ್ಟೇ. ಊರಿನ ಹೆಸರು, ಮಾರ್ಗದ ಹೆಸರು ನೋಡಿ ದಾರಿ ಹುಡುಕುವುದನ್ನು ಬಿಟ್ಟು ತೋಡು (ಚಿಕ್ಕ ಹಳ್ಳ), ಹೊಳೆ, ಕೆರೆ ನೋಡಿ ಹುಡುಕಿ. ಮನೆಯಿಂದ ಕೆಲವೇ ಕಿಲೋಮೀಟರ್ ಒಳಗೆ ಒಂದು ಒಳ್ಳೆ ದಾರಿ ಸಿಗುತ್ತದೆ.

ಮೊದಲು ನೆಲ ನೋಡಿ

ಘಟ್ಟದ ಬುಡದಿಂದ ಕಡಲವರೆಗೆ ನಮ್ಮ ನೆಲದಲ್ಲಿ ಸುಮಾರಾಗಿ ಮೂರು ಬಗೆ. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವು, ಅಂದರೆ ಎತ್ತರದ ಮಟ್ಟ ನೆಲ. ಅಲ್ಲಿ ಬಯಲು ಇದೆ, ಆದರೆ ನೆರಳಿಲ್ಲ. ಪದವಿನ ಅಂಚಿನಲ್ಲಿ ಗುಡ್ಡೆಯ ಇಳಿಜಾರು, ಗೇರು, ಗಾಳಿ ಮರ. ಕೆಳಗೆ ಬೈಲು: ಗದ್ದೆ, ನಡುವೆ ತೋಡು, ಎರಡೂ ಬದಿ ತೆಂಗು, ಅಡಿಕೆ. ನಿಮಗೆ ಬೇಕಾದ್ದು ಬೈಲು. ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ನೆಲ ಮಟ್ಟವಾಗಿರಲೇಬೇಕಲ್ವಾ? ಅದರ ಅಂಚಿನ ಮಾರ್ಗವೂ ಹೆಚ್ಚಾಗಿ ಹಾಗೇ ಇರುತ್ತದೆ.

ಕಡಲ ಹತ್ತಿರ ಇನ್ನೊಂದು ಬಗೆ ಇದೆ. ನಮ್ಮ ಹೊಳೆಗಳು ಎಷ್ಟೋ ಕಡೆ ನೇರ ಸಮುದ್ರಕ್ಕೆ ಬೀಳುವುದಿಲ್ಲ. ಅಲೆಗಳು ಮರಳು ತಂದು ಅಡ್ಡ ಹಾಕುತ್ತವೆ. ಹೊಳೆ ತೀರದ ಪಕ್ಕದಲ್ಲೇ ಸ್ವಲ್ಪ ದೂರ ಹರಿದು ಆಮೇಲೆ ಅಳಿವೆ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿಯುವ ಆ ಮರಳಿನ ಪಟ್ಟಿಯಲ್ಲಿ ಏರು ಅನ್ನುವುದೇ ಇಲ್ಲ. ಮಟ್ಟು, ಪಡುಕೆರೆ, ಕೋಡಿಬೆಂಗ್ರೆ, ತಣ್ಣೀರುಬಾವಿ ಎಲ್ಲವೂ ಇಂಥ ಜಾಗಗಳೇ.

ಫೋನಿನಲ್ಲಿ ಮ್ಯಾಪ್ ತೆರೆದು ಸ್ಯಾಟಲೈಟ್ ನೋಟಕ್ಕೆ ಹಾಕಿ. ಮನೆಯ ಸುತ್ತ ಉದ್ದುದ್ದವಾಗಿ ಬಾಗುವ ಹಸಿರು ಪಟ್ಟಿ ಕಂಡರೆ ಅದು ಬೈಲು. ಅದರ ಅಂಚಿನಲ್ಲಿ ತೆಳ್ಳಗೆ ಬಿಳಿ ಗೆರೆ ಇದ್ದರೆ ಪಂಚಾಯತ್ ಮಾರ್ಗ. ಈಗ ತೋಡಿಗೆ ಅಡ್ಡವಾಗಿ ಕಿಂಡಿ ಅಣೆಕಟ್ಟು ಇದೆಯಾ ನೋಡಿ. ಇದು ತುಂಬಾ ಮುಖ್ಯ. ಎಷ್ಟೋ ಕಿಂಡಿ ಅಣೆಕಟ್ಟುಗಳ ಮೇಲೆ ನಡೆದು ದಾಟುವಷ್ಟು ಅಗಲದ ಕಾಲುಸೇತುವೆ ಇರುತ್ತದೆ. ಕೆಲವಕ್ಕೆ ಬೈಕೂ ಹೋಗುತ್ತದೆ. ಒಂದು ದಡದಲ್ಲಿ ಹೋಗಿ, ಅಣೆಕಟ್ಟು ದಾಟಿ, ಇನ್ನೊಂದು ದಡದಲ್ಲಿ ವಾಪಸ್ ಬಂದರೆ ಒಂದು ಸುತ್ತು ಆಯಿತು. ಎರಡು ಕಿಂಡಿ ಅಣೆಕಟ್ಟು ಸಿಕ್ಕಿದರಂತೂ ಚಿಕ್ಕ ಸುತ್ತು, ದೊಡ್ಡ ಸುತ್ತು ಎರಡೂ ನಿಮ್ಮದೇ. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ. ಡಿಸೆಂಬರ್ ಹೊತ್ತಿಗೆ ಅಲ್ಲಿ ತೋಡೇ ಕೆರೆಯ ಹಾಗೆ ತುಂಬಿರುತ್ತದೆ.

ಒಮ್ಮೆ ಸ್ಕೂಟರಿನಲ್ಲಿ ಹೋಗಿ ಬನ್ನಿ

ಮ್ಯಾಪ್ ನಂಬಿ ನೇರ ಓಡಲು ಹೋಗಬೇಡಿ. ಅದರಲ್ಲಿ ಮಾರ್ಗ ಅಂತ ತೋರಿಸಿದ್ದು ಯಾರದೋ ಮನೆಯ ಅಂಗಳದಲ್ಲಿ ಮುಗಿಯುತ್ತದೆ. ನೀವು ಓಡಬೇಕೆಂದಿರುವ ಹೊತ್ತಿಗೇ ಸ್ಕೂಟರಿನಲ್ಲಿ ಒಮ್ಮೆ ಹೋಗಿ ಬನ್ನಿ. ಮಧ್ಯಾಹ್ನ ಹೋದರೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ 6 ಗಂಟೆಗೆ ಯಾವ ಮನೆಯ ನಾಯಿ ಹೊರಗಿರುತ್ತದೆ, ಮೊದಲ ಬಸ್ಸು ಯಾವ ತಿರುವಿನಲ್ಲಿ ಬರುತ್ತದೆ, ಹಾಲಿನ ಡೈರಿ ಹತ್ತಿರ ಎಷ್ಟು ಬೈಕು ನಿಂತಿರುತ್ತವೆ, ಇವೆಲ್ಲ ಆ ಹೊತ್ತಿಗೇ ಕಾಣುವ ವಿಷಯಗಳು.

ಗೂಡಂಗಡಿಯಲ್ಲಿ ಚಾ ಕುಡಿದು ಕೇಳಿ. ತುಳು ಬಂದರೆ ‘ಈ ಸಾದಿ ಓಡೆ ಪೋಪುಂಡು?’ (ಈ ದಾರಿ ಎಲ್ಲಿಗೆ ಹೋಗುತ್ತದೆ?) ಅಂದರೆ ಸಾಕು, ಅರ್ಧ ಊರಿನ ಭೂಗೋಳ ಸಿಗುತ್ತದೆ. ಕನ್ನಡದಲ್ಲಿ ಕೇಳಿದರೂ ಸಿಗುತ್ತದೆ, ಸ್ವಲ್ಪ ಕಡಿಮೆ ಅಷ್ಟೇ. ಹೀಗೆ ಒಮ್ಮೆ ಮುಖ ಪರಿಚಯ ಆದರೆ ಮುಂದೆ ಓಡುವಾಗ ಯಾರೂ ನಿಮ್ಮನ್ನು ಅನುಮಾನದಿಂದ ನೋಡುವುದಿಲ್ಲ. ಹಳ್ಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಅಪರಿಚಿತ ಒಬ್ಬ ಓಡುತ್ತಿದ್ದರೆ, ಏನೋ ಆಗಿದೆ ಅಂತಲೇ ಜನ ಅಂದುಕೊಳ್ಳುತ್ತಾರೆ.

ಗದ್ದೆಯ ಕಟ್ಟಪುಣಿ (ಬದು) ನೋಡಲು ಚೆಂದ. ಆದರೆ ಅದು ಗದ್ದೆಯವರ ಜಾಗ. ಕೇಳಿ ಹೋಗಿ, ಓಡದೆ ನಡೆಯಿರಿ. ಜೂನ್, ಜುಲೈಯಲ್ಲಿ ನೇಜಿ (ಭತ್ತದ ಸಸಿ) ನೆಡುವ ಹೊತ್ತಿಗೆ ಪುಣಿಗೆ ಹಸಿ ಮಣ್ಣು ಮೆತ್ತಿರುತ್ತಾರೆ. ಆಗ ಕಾಲಿಡಲೇಬೇಡಿ. ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ ಗದ್ದೆ ಖಾಲಿ ಇದೆ ಅಂತ ಅಡ್ಡ ಹಾಯುವವರಿದ್ದಾರೆ. ಅದರಲ್ಲಿ ಉದ್ದು ಬಿತ್ತಿರಬಹುದು. ನಾಗಬನ, ದೈವಸ್ಥಾನದ ಅಂಗಳದಲ್ಲಿ ಶೂ ಹಾಕಿಕೊಂಡು ಹಾದು ಹೋಗಬಾರದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಓದಲು, ಕೆಲಸಕ್ಕೆ ಬಂದವರಿಗಾಗಿ ಹೇಳುತ್ತಿದ್ದೇನೆ.

ಗಡಿಯಾರಕ್ಕಿಂತ ಬೆವರು ನೋಡಿ

ಬೆಂಗಳೂರಿನಲ್ಲಿ ಆರಾಮಾಗಿ 10 ಕಿಲೋಮೀಟರ್ ಓಡುತ್ತಿದ್ದವರು ಇಲ್ಲಿ ಬಂದು 5ಕ್ಕೇ ಕೈಚೆಲ್ಲುತ್ತಾರೆ. ತಪ್ಪು ಕಾಲಿನದ್ದಲ್ಲ, ಗಾಳಿಯದ್ದು. ಮೈ ತಣ್ಣಗಾಗುವುದು ಬೆವರು ಆರಿದಾಗ. ಇಲ್ಲಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಒಳಗಿನ ಬಿಸಿ ಒಳಗೇ ಉಳಿಯುತ್ತದೆ, ಎದೆಬಡಿತ ಏರುತ್ತದೆ.

ಹಾಗಾಗಿ ವೇಗ ಮರೆತುಬಿಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ ಓಡಿ. ಆಗದಿದ್ದರೆ ನಡೆಯಿರಿ. ಹೊಸಬರು ಮೊದಲ ಕೆಲವು ವಾರ 3 ನಿಮಿಷ ಓಟ, 2 ನಿಮಿಷ ನಡಿಗೆ ಅಂತ ಮಾಡಿದರೆ ಸಾಕು. ದಾರಿಯಲ್ಲಿ ತಮಾಷೆ ಮಾಡುವವರು ಸಿಗುತ್ತಾರೆ. ನಮ್ಮೂರಿನಲ್ಲಿ ಓಟ ಅಂದರೆ ಕಂಬಳ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಕೆಸರು ಗದ್ದೆಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿದ ಮೇಲೆ, ನಿಧಾನ ಓಡುವವರನ್ನು ಕಂಡರೆ ‘ಕೋಣ ಎಲ್ಲಿ?’ ಅನ್ನುವವರು ಜಾಸ್ತಿಯಾಗಿದ್ದಾರೆ. ನಕ್ಕು ಮುಂದೆ ಹೋಗಿ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಓಡಿ ಬಂದು ಬೊಂಡ (ಎಳನೀರು) ಕುಡಿಯುವುದು ಎಲ್ಲರ ಅಭ್ಯಾಸ. ಒಳ್ಳೆಯದೇ. ಆದರೆ ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ. ಒಂದು ಗಂಟೆಗಿಂತ ಹೆಚ್ಚು ಓಡಿದ ದಿನ ಬರೀ ಬೊಂಡ ಸಾಲುವುದಿಲ್ಲ. ನನ್ನ ಪ್ರಕಾರ ಇದಕ್ಕೆ ಕುಚ್ಚಲಕ್ಕಿ ಗಂಜಿಯನ್ನು ಮೀರಿಸಿದ್ದಿಲ್ಲ. ತಿಳಿಯ ಸಮೇತ ಗಂಜಿ, ಸ್ವಲ್ಪ ಉಪ್ಪು, ಬದಿಗೆ ಉಪ್ಪಿನಕಾಯಿ. ನೀರು, ಉಪ್ಪು, ಅನ್ನ ಎಲ್ಲ ಒಂದೇ ಬಟ್ಟಲಲ್ಲಿ. ದೂರ ಓಡುವವರು ಒಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯ ಡಾಕ್ಟರ್ ಹತ್ತಿರ ಕೇಳಿಯೇ ಮುಂದುವರಿಯಿರಿ. ಓಡುವ ಮುಂಚೆ ಒಂದು ಕದಳಿ ಬಾಳೆಹಣ್ಣು ಸಾಕು. ಗೋಳಿಬಜೆ, ಬನ್ಸ್ ಎಲ್ಲ ಆಮೇಲೆ.

ಒಳ್ಳೆ ಕಾಲ ನವೆಂಬರಿನಿಂದ ಫೆಬ್ರವರಿ. ಜನವರಿ ಕೊನೆಗೆ ಸೂರ್ಯ ಬರುವಾಗ 7 ಗಂಟೆ ಹತ್ತಿರವಾಗುತ್ತದೆ. ಬೈಲಿನಲ್ಲಿ ಮಂಜೂ ಇರುತ್ತದೆ, ಕಣ್ಣಿಗೆ ಬೀಳುವ ಬಣ್ಣದ ಅಂಗಿ ಹಾಕಿ. ಮೇ ಕೊನೆಗೆ 6ಕ್ಕೇ ಬೆಳಗಾಗುತ್ತದೆ, 7ಕ್ಕೆ ಓಟ ಮುಗಿದಿರಬೇಕು. ಬೆಳಗಿನ ಜಾವ ಗಾಳಿ ನೆಲದ ಕಡೆಯಿಂದ ಕಡಲಿಗೆ, ಸಂಜೆ ಕಡಲಿನಿಂದ ನೆಲಕ್ಕೆ. ಅದಕ್ಕೇ ನಾನು ಬೈಲಿನ ದಾರಿಯನ್ನು ಬೆಳಿಗ್ಗೆಗೆ, ಕಡಲ ಬದಿಯ ದಾರಿಯನ್ನು ವಾರದ ದಿನದ ಸಂಜೆಗೆ ಇಟ್ಟುಕೊಳ್ಳುತ್ತೇನೆ. ಭಾನುವಾರ ಸಂಜೆ ಕಡಲ ಬದಿಯಲ್ಲಿ ಓಡುವುದಿರಲಿ, ನಡೆಯಲೂ ಜಾಗ ಇರುವುದಿಲ್ಲ.

ಎಲ್ಲಿಂದ ಶುರು ಮಾಡಬಹುದು

*ಮಣಿಪಾಲದ ಮಣ್ಣಪಳ್ಳ.* ಹೊಸಬರಿಗೆ ಇದೇ ಸರಿ. ಕೆರೆಯ ಸುತ್ತ ನಡೆಯುವ ದಾರಿ ಇದೆ, ಬೆಳಿಗ್ಗೆ ಜನ ಇರುತ್ತಾರೆ, ವಾಹನ ಇಲ್ಲ. ಸುಸ್ತಾದರೆ ಯಾವ ಸುತ್ತಿನಲ್ಲೂ ನಿಲ್ಲಿಸಬಹುದು. ನಡೆಯುವವರು ಜಾಸ್ತಿ ಇದ್ದಾಗ ಅವರಿಗೆ ದಾರಿ ಬಿಡಿ, ಹಿಂದಿನಿಂದ ಬರುವಾಗ ಒಂದು ಮಾತು ಹೇಳಿ. ಸ್ವಲ್ಪ ಶಕ್ತಿ ಬಂದ ಮೇಲೆ ಎಂಡ್ ಪಾಯಿಂಟ್‌ವರೆಗೆ ಹೋಗಿ, ಕೆಳಗೆ ಸ್ವರ್ಣಾ ಹೊಳೆಯ ಕಣಿವೆ ನೋಡಿ. ಆ ಹೊಳೆಯ ಬದಿಗೇ ಇಳಿಯಬೇಕು ಅನಿಸಿದರೆ ಪೆರಂಪಳ್ಳಿಯಿಂದ ಶಿಂಬ್ರ ಸೇತುವೆ ಕಡೆ ಹೋಗುವ ಮಾರ್ಗ ಇದೆ. ಓಟವನ್ನು ಕೆಳಗಿನಿಂದಲೇ ಶುರು ಮಾಡಿ, ಗಾಡಿಯೂ ಕೆಳಗೇ ಇರಲಿ. ಮಣಿಪಾಲದ ಏರು ಹತ್ತುವುದು ಬೇರೆಯೇ ದಿನದ ಕೆಲಸ.

*ಮಟ್ಟು, ಪಡುಕೆರೆ.* ನನಗೆ ಎಲ್ಲಕ್ಕಿಂತ ಇಷ್ಟದ್ದು ಇದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ಮರಗಳ ಒಳಗೆ ಸಪೂರ ಮಾರ್ಗ. ಕೆಲವು ಕಡೆ ಎರಡೂ ನೀರು ಒಟ್ಟಿಗೆ ಕಾಣುತ್ತದೆ. ಕಟಪಾಡಿ ಕಡೆಯಿಂದ ಮಟ್ಟುವಿಗೆ ಬಂದು ಉತ್ತರಕ್ಕೆ ಹೊರಟರೆ ಮಲ್ಪೆ ದಿಕ್ಕಿಗೆ ಸಾಗುತ್ತೀರಿ. ಪಡುಕೆರೆಯಲ್ಲಿ ಹೊಳೆ ದಾಟಿ ಮಲ್ಪೆ ಸೇರಲು ಸೇತುವೆ ಇದೆ. ಮಟ್ಟುವಿನ ಹೊಲಗಳಲ್ಲಿ ಚಳಿಗಾಲದಲ್ಲಿ ಗುಳ್ಳ (ಬದನೆ) ಬೆಳೆದಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅದೇ ಮಟ್ಟುಗುಳ್ಳ. ಓಟ ಮುಗಿಸಿ ಒಂದು ಕಿಲೋ ಕೊಂಡು ಹೋದರೆ ಮನೆಯಲ್ಲಿ ನಿಮ್ಮ ಓಟಕ್ಕೆ ವಿರೋಧ ಕಡಿಮೆಯಾಗುತ್ತದೆ. ಈ ದಾರಿಯಲ್ಲಿ ಎರಡು ಎಚ್ಚರ. ಮಾರ್ಗದ ಪಕ್ಕದಲ್ಲೇ ಮನೆಗಳು, ಮೀನು ಒಣಗಿಸುವ ಜಾಗ, ಬಲೆ ಹರಡಿದ ಅಂಗಳ. ಬಲೆ ತುಳಿಯಬೇಡಿ. ಮತ್ತೆ ಜೂನ್, ಜುಲೈಯಲ್ಲಿ ಕಡಲ್ಕೊರೆತ ಆದರೆ ಮಾರ್ಗದ ಅಂಚೇ ಹೋಗಿರುತ್ತದೆ. ಆ ಎರಡು ತಿಂಗಳು ಇಲ್ಲಿಗೆ ಬರಬೇಡಿ.

*ಕೆಮ್ಮಣ್ಣು, ಹೂಡೆ, ಕೋಡಿಬೆಂಗ್ರೆ.* ಸ್ವರ್ಣಾ ಮತ್ತು ಸೀತಾ ಹೊಳೆಗಳು ಕಡಲು ಸೇರುವ ಜಾಗಕ್ಕೆ ಹೋಗುವ ದಾರಿ. ಹೂಡೆಯಿಂದ ಉತ್ತರಕ್ಕೆ ಹೋದ ಹಾಗೆ ನೆಲ ಸಪೂರವಾಗುತ್ತಾ ಬರುತ್ತದೆ. ಕೊನೆಗೆ ಮಾರ್ಗ ಮುಗಿಯುತ್ತದೆ, ಎದುರಿಗೆ ಅಳಿವೆ, ಆಚೆ ದಡದಲ್ಲಿ ಹಂಗಾರಕಟ್ಟೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಆದ್ದರಿಂದ ಅರ್ಧ ಶಕ್ತಿ ಖರ್ಚಾದಲ್ಲಿ ತಿರುಗಿ, ತುದಿ ನೋಡಲೇಬೇಕು ಅಂತ ಹಟ ಬೇಡ. ಕೆಮ್ಮಣ್ಣು ಹತ್ತಿರ ಹೊಳೆ ನಡುವಿನ ದ್ವೀಪ ತಿಮ್ಮಣ್ಣಕುದ್ರುವಿಗೆ ತೂಗುಸೇತುವೆ ಇದೆ. ಅದರ ಮೇಲೆ ಓಡಬಾರದು. ಕುದ್ರುವಿನವರು ದಿನಾ ದಾಟುವ ದಾರಿ ಅದು. ನೀವು ಓಡಿದರೆ ಇಡೀ ಸೇತುವೆ ಕುಣಿಯುತ್ತದೆ, ತರಕಾರಿ ಚೀಲ ಹಿಡಿದು ಬರುತ್ತಿರುವ ಅಜ್ಜಿ ಕಂಬಿ ಹಿಡಿದು ನಿಲ್ಲಬೇಕಾಗುತ್ತದೆ. ನಡೆದು ದಾಟಿ.

*ಮಂಗಳೂರಿನವರಿಗೆ.* ಕಾವೂರು ಕೆರೆಯ ದಂಡೆ ದಿನನಿತ್ಯದ ಚಿಕ್ಕ ಓಟಕ್ಕೆ ಸಾಕು. ಪಿಲಿಕುಳದ ಕೆರೆ ಚೆಂದವೇ, ಆದರೆ ನಿಸರ್ಗಧಾಮಕ್ಕೆ ಟಿಕೆಟ್, ಸಮಯ ಎಲ್ಲ ಇದೆ, ಬೆಳಗಿನ ಜಾವದ ಓಟಕ್ಕೆ ಆಗಿಬರುವುದಿಲ್ಲ. ಸುತ್ತಲಿನ ಮೂಡುಶೆಡ್ಡೆ ಕಡೆಯ ಒಳಮಾರ್ಗಗಳಲ್ಲಿ ಓಡಬಹುದು, ಏರು ಒಪ್ಪಿಕೊಂಡರೆ. ಸಮತಟ್ಟೇ ಬೇಕಾದರೆ ಸುಲ್ತಾನ್ ಬತ್ತೇರಿಗೆ ಬಂದು ದೋಣಿಯಲ್ಲಿ ಫಲ್ಗುಣಿ ಹೊಳೆ ದಾಟಿ. ಆಚೆ ತಣ್ಣೀರುಬಾವಿ, ಅಲ್ಲಿಂದ ದಕ್ಷಿಣಕ್ಕೆ ಬೆಂಗ್ರೆ. ಹೊಳೆ ಒಂದು ಬದಿ, ಕಡಲು ಇನ್ನೊಂದು ಬದಿ. ದೋಣಿಯ ಸಮಯ ಮುಂಚಿನ ದಿನವೇ ಕೇಳಿಟ್ಟುಕೊಳ್ಳಿ, ಚಿಲ್ಲರೆ ಇರಲಿ.

ನೇತ್ರಾವತಿಯ ಬದಿಗೆ ಹೋಗುವುದಾದರೆ ಅಡ್ಯಾರ್ ಕಡೆಯ ದಡ ಬೇಡ, ಅದು ಹೆದ್ದಾರಿ. ಅಣೆಕಟ್ಟಿನ ಮೇಲಿನ ಸೇತುವೆ ದಾಟಿ ಹರೇಕಳಕ್ಕೆ ಹೋಗಿ. ಕಿತ್ತಳೆ ಮಾರಿ ಊರಿಗೆ ಶಾಲೆ ತಂದು 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಹಾಜಬ್ಬರ ಊರು. ಹಿಂದೆ ದೋಣಿಯಲ್ಲಿ ದಾಟುತ್ತಿದ್ದ ಹೊಳೆ. ಆಚೆ ಬದಿ ಪಾವೂರು ಕಡೆಗೆ ಹಳ್ಳಿ ಮಾರ್ಗ, ವಾಹನ ಕಡಿಮೆ. ಹೊಳೆ ಬಿಟ್ಟು ಮೇಲೆ ತಿರುಗಿದರೆ ಮಾತ್ರ ಗುಡ್ಡೆ ಶುರು.

*ಭಾನುವಾರಕ್ಕೆ ಕಾರ್ಕಳ.* ಊರಿನಲ್ಲೇ ಎರಡು ಕೆರೆ: ಆನೆಕೆರೆ, ರಾಮಸಮುದ್ರ. ಆನೆಕೆರೆಯ ನಡುವೆ ಬಸದಿ. ಎರಡನ್ನೂ ಸೇರಿಸಿ ಓಡಿ, ಉಸಿರು ಉಳಿದಿದ್ದರೆ ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿ. ಮೆಟ್ಟಿಲನ್ನು ಓಟದ ಲೆಕ್ಕಕ್ಕೆ ಸೇರಿಸಬೇಡಿ, ಚಪ್ಪಲಿ ಬಿಡುವಲ್ಲಿ ಶೂ ಬಿಟ್ಟು ಸಮಾಧಾನದಲ್ಲಿ ಹೋಗಿ. ಮೂಡುಬಿದಿರೆಯವರಿಗೆ ಕಡಲಕೆರೆ ಇದ್ದೇ ಇದೆ. ಹೆಬ್ರಿ ಕಡೆ ಹೋಗುವವರು ವರಂಗದಲ್ಲಿ ಇಳಿದು ಕೆರೆ ಬಸದಿಯ ಸುತ್ತಲಿನ ಗದ್ದೆ ದಾರಿಗಳಲ್ಲಿ ಓಡಬಹುದು. ಘಟ್ಟ ಎದುರಿಗೇ ಕಾಣುತ್ತದೆ.

ಮಾರ್ಗದಲ್ಲಿ

ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವ ಹಾಗೆ ಓಡಿ. ಆದರೆ ನಮ್ಮ ಹಳ್ಳಿ ಮಾರ್ಗಗಳಲ್ಲಿ ಮುರಕಲ್ಲಿನ ಕಾಂಪೌಂಡ್ ಗೋಡೆ ತಿರುವಿಗೆ ಒತ್ತಿಕೊಂಡೇ ಇರುತ್ತದೆ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಗೋಡೆಗೆ ಅಂಟಿಕೊಂಡು ಓಡಿದರೆ ಬಸ್ಸಿನವನಿಗೆ ನೀವು ಕಾಣುವುದೇ ಇಲ್ಲ. ತಿರುವಿಗೆ ಸಾಕಷ್ಟು ಮುಂಚೆಯೇ ಹಿಂದೆ ಮುಂದೆ ನೋಡಿ ಎಡಬದಿಗೆ ದಾಟಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ. ಕಿವಿಗೆ ಇಯರ್‌ಫೋನ್ ಬೇಡ. ದೀಪಾವಳಿಯಿಂದ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಕೋಲ, ನೇಮದಂಥ ದೈವಾರಾಧನೆ ಮತ್ತು ಯಕ್ಷಗಾನದ ಕಾಲ. ರಾತ್ರಿಯಿಡೀ ಕೂತು ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಿಕೊಂಡು ಬರುವವರು ನೀವು ಓಡುವ ಹೊತ್ತಿಗೇ ಎದುರಾಗುತ್ತಾರೆ. ಊರಿನಲ್ಲಿ ನೇಮ ಇದ್ದ ಮರುದಿನ ಸ್ವಲ್ಪ ತಡವಾಗಿ ಹೊರಡಿ.

ನಾಯಿ ಬಂದರೆ ಓಟ ನಿಲ್ಲಿಸಿ. ಓಡಿದರೆ ಅಟ್ಟಿಸಿಕೊಂಡು ಬರುತ್ತದೆ, ನಡೆದರೆ ಹೆಚ್ಚಾಗಿ ಬೊಗಳಿ ಬಿಡುತ್ತದೆ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆ ನಾಯಿ ಅಂತ ಬಿಡಬೇಡಿ. ಹಾವಿನ ವಿಷಯದಲ್ಲಿ ಕಾಲಿಡುವ ಜಾಗ ಕಾಣದಷ್ಟು ಕತ್ತಲಿದ್ದರೆ ಟಾರ್ಚ್ ಇಲ್ಲದೆ ಹೊರಡಬೇಡಿ, ದರೆಯ ಬದಿಯ ಹುಲ್ಲಿಗೆ ಇಳಿಯಬೇಡಿ. ಕಚ್ಚಿದರೆ ಹಗ್ಗ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ಕೂತು 108ಕ್ಕೆ ಫೋನ್ ಮಾಡಿ. ತೋಟದ ತಂತಿ ಬೇಲಿ ಹಿಡಿದು ಸ್ಟ್ರೆಚ್ ಮಾಡಬೇಡಿ. ಕಾಡುಹಂದಿಗೆ ಅಂತ ಕರೆಂಟ್ ಕೊಟ್ಟಿರುವುದುಂಟು.

ಒಬ್ಬರೇ ಹೋಗುವವರು ಯಾವ ದಾರಿ, ಎಷ್ಟು ಹೊತ್ತು ಅಂತ ಮನೆಯಲ್ಲಿ ಹೇಳಿ ಹೋಗಿ. ಮಣ್ಣಪಳ್ಳ, ಕಾವೂರಿನಂಥ ಜನ ಇರುವ ಕೆರೆಗಳಲ್ಲಿ ಒಂಟಿಯಾಗಿ, ಬೈಲು ಮತ್ತು ಕಡಲ ಬದಿಯಲ್ಲಿ ಜೊತೆ ಹಿಡಿದು ಓಡುವುದು ಒಳ್ಳೆಯದು.

ಮಳೆಗಾಲ

ನಾಲ್ಕು ತಿಂಗಳು ಓಟ ಬಿಡಬೇಕು ಅಂತೇನಿಲ್ಲ. ಮಳೆಯಲ್ಲಿ ಸೆಖೆ ಕಡಿಮೆ, ವರ್ಷದ ಕೆಲವು ಒಳ್ಳೆಯ ಓಟಗಳು ಆಗಲೇ ಸಿಗುತ್ತವೆ. ಆದರೆ ದಾರಿ ಬದಲಿಸಬೇಕು. ಮುರಕಲ್ಲು, ಇಂಟರ್‌ಲಾಕ್, ಕೆರೆಯ ದಂಡೆಯ ಸಿಮೆಂಟು, ಎಲ್ಲದರ ಮೇಲೂ ಜುಲೈ ಹೊತ್ತಿಗೆ ಪಾಚಿ ಹಿಡಿದಿರುತ್ತದೆ. ವಾಹನ ಓಡಾಡುವ ಡಾಮರು ಮಾರ್ಗದ ಮೇಲೆ ಪಾಚಿ ಕಡಿಮೆ, ಕಾಲು ಗಟ್ಟಿ ನಿಲ್ಲುತ್ತದೆ. ತೋಡು ಮಾರ್ಗದ ಮೇಲೆ ಹರಿಯುತ್ತಿದ್ದರೆ ಮೊಣಕಾಲುದ್ದ ನೀರಾದರೂ ಇಳಿಯಬೇಡಿ, ವಾಪಸ್ ತಿರುಗಿ. ಕಿಂಡಿ ಅಣೆಕಟ್ಟಿನ ಸುತ್ತು ಈ ತಿಂಗಳುಗಳಲ್ಲಿ ಬಂದ್ ಅಂತಲೇ ಇಟ್ಟುಕೊಳ್ಳಿ. ತಂತಿ ತುಂಡಾಗಿ ಬಿದ್ದಿದ್ದರೆ ದೂರ ನಿಂತು ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಹೇಳಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಪದವು, ಬೈಲು ಬಿಟ್ಟು ಯಾವುದಾದರೂ ಕಟ್ಟಡದ ಒಳಗೆ ಹೋಗಿ. ಒಂಟಿ ತೆಂಗಿನ ಮರದ ಕೆಳಗಲ್ಲ.

ಎರಡು ಜೊತೆ ಶೂ ಇದ್ದರೆ ಅನುಕೂಲ, ಒಂದು ಒಣಗಲು ಎರಡು ದಿನ ಬೇಕು. ಒಳಗಿನ ಅಟ್ಟೆ ತೆಗೆದು, ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡಿ. ಹತ್ತಿಯ ಕಾಲುಚೀಲ ಬೇಡ. ತೊಡೆ, ಕಂಕುಳು ಉಜ್ಜಿ ಗಾಯ ಆಗುವವರಿಗೆ ಹೊರಡುವ ಮುಂಚೆ ತೆಂಗಿನೆಣ್ಣೆ ಸಾಕು.

ಕಾಲಿನಲ್ಲಿ ಗಾಯ, ಬಿರುಕು ಇದ್ದರೆ ಗದ್ದೆಯ ನೀರು, ನಿಂತ ನೀರು ತುಳಿಯಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಇದು ಹೊಸದೇನಲ್ಲ. ಓಡಿ ಬಂದ ಕೂಡಲೇ ಸೋಪು ಹಾಕಿ ಕಾಲು ತೊಳೆಯಿರಿ. ಒಂದೆರಡು ವಾರದೊಳಗೆ ಜ್ವರ, ಮೀನಖಂಡದಲ್ಲಿ ಜೋರು ನೋವು, ಕಣ್ಣು ಕೆಂಪು ಬಂದರೆ ಓಟದ ನೋವು ಅಂತ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ, ಗದ್ದೆ ನೀರು ತುಳಿದಿದ್ದೆ ಅನ್ನುವುದನ್ನು ಮೊದಲೇ ಹೇಳಿ.